ಎದ್ದು ಹೋದವರನ್ನು ಮರಳಿ ಕರೆತಂದ ಮುನಿತಾಯಮ್ಮ

ದೇವನಹಳ್ಳಿಯ ಹಳೇ ಬಳ್ಳಾರಿ ರಸ್ತೆಯಲ್ಲಿ ಬೆಳಗಿನ ಐದೂವರೆ. ಆದಿನಾರಾಯಣಪ್ಪನವರ ಹೋಟೆಲಿನ ಷಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ, ಗಿರಾಕಿಗಳು ಕೂರುವ ಟೇಬಲ್‌ಗಳಲ್ಲೇ ಏಳು ಜನ ಕೆಲಸಗಾರರು ಕೂತು ಬಿಸಿ ಇಡ್ಲಿ ತಿನ್ನುತ್ತಿದ್ದಾರೆ. ಸಾಂಬಾರಿನ ಬಕೆಟ್ ಹಿಡಿದು ಅವರ ನಡುವೆ ಓಡಾಡುತ್ತಿರುವವರು ಐವತ್ನಾಲ್ಕರ ಮುನಿತಾಯಮ್ಮ. ಸೆರಗು ಸೊಂಟಕ್ಕೆ ಬಿಗಿದಿದೆ, ಕಾಲಲ್ಲಿ ಹವಾಯಿ ಚಪ್ಪಲಿ.

ಟ್ಯಾಕ್ಸಿ ಚಾಲಕನೊಬ್ಬ ಷಟರ್ ಕೆಳಗೆ ಬಗ್ಗಿ ಇಣುಕುತ್ತಾನೆ. ‘ಅಕ್ಕಾ, ಒಂದ್ ಕಾಫಿ ಸಿಗುತ್ತಾ? ಏರ್‌ಪೋರ್ಟ್ ಪಿಕಪ್ ಐತೆ.’

‘ಐದೇ ನಿಮಿಷ ಕುಂತ್ಕಳಪ್ಪ. ಇವ್ರ್ದು ತಿಂದಾಗ್ಲಿ.’

ಆತ ಗೊಣಗದೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾನೆ. ಇಲ್ಲಿ ಮೊದಲು ಬಡಿಸುವವರು ತಿನ್ನುತ್ತಾರೆ, ಆಮೇಲೆ ಗಿರಾಕಿಗಳು ಎಂಬುದು ಈಗ ರಸ್ತೆಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಹೋಟೆಲೇ ಉಳಿಯುವ ಹಾಗಿರಲಿಲ್ಲ.

ಮುನಿತಾಯಮ್ಮ ಪಕ್ಕದ ಆವತಿ ಹಳ್ಳಿಯವರು. ಗಾರೆ ಕೆಲಸದ ಗಂಡ ಜವರಪ್ಪ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಮೂರು ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಈ ಹೋಟೆಲಿಗೆ ಬಂದರು. ಕೆಲಸ, ಎಂಜಲು ತಟ್ಟೆ ತೆಗೆದು ಟೇಬಲ್ ಒರೆಸುವುದು. ಬಡಿಸುವ ಕೆಲಸ ಗಂಡಸರದ್ದು. ಇಪ್ಪತ್ತು ವರ್ಷ ಅದನ್ನು ಯಾರೂ ಪ್ರಶ್ನಿಸಲಿಲ್ಲ, ಅವರೂ ಕೇಳಲಿಲ್ಲ.

ಆಗ ಊರಿನವರಿಗೆಲ್ಲ ಇದೇ ಹೋಟೆಲು. ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಹೆಣ್ಣು ನೋಡಿ ಬಂದವರು, ಎಲ್ಲರೂ ಇಲ್ಲಿ ಕೂತೇ ಮುಂದೆ ಹೋಗುತ್ತಿದ್ದರು. ವಿಮಾನ ನಿಲ್ದಾಣ ಬಂದ ಮೇಲೆ ಗಿರಾಕಿ ಮೂರು ಪಟ್ಟಾಯಿತು. ಯಜಮಾನರು ಪಕ್ಕದ ಮಳಿಗೆ ಸೇರಿಸಿ ಹಾಲ್ ದೊಡ್ಡದು ಮಾಡಿದರು, ಟೋಕನ್ ಇಟ್ಟರು. ಬಡಿಸುವವರನ್ನು ಮಾತ್ರ ಹೆಚ್ಚಿಸಲಿಲ್ಲ. ನಾಲ್ಕು ಗಂಟೆಗೆ ಎದ್ದವರಿಗೆ ಹನ್ನೊಂದೂವರೆ ತನಕ ಒಂದು ತುತ್ತು ಇಲ್ಲ. ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ ಉಳಿದಿದ್ದು, ತಣ್ಣಗಾದದ್ದು.

ಬರಬರುತ್ತಾ ಹೋಟೆಲಿನ ಗುಣವೇ ಕೆಟ್ಟಿತು. ಕೇಳಿದರೂ ನೀರು ಬರದು. ಎರಡನೇ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುವುದು. ಒದ್ದೆ ಟೇಬಲ್ ಮೇಲೆ ತಟ್ಟೆ ಕುಕ್ಕುವುದು. ಇಡ್ಲಿ ಅದೇ ಇಡ್ಲಿ, ಸಾಂಬಾರ್ ಅದೇ ಸಾಂಬಾರ್. ಆದರೂ ಜನ ತಟ್ಟೆಯಲ್ಲಿ ಬಿಟ್ಟು ಏಳತೊಡಗಿದರು.

ಒಂದು ಬೆಳಿಗ್ಗೆ ಸಂಜೀವಪ್ಪನವರ ಸರದಿ ಬಂತು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಿವೃತ್ತರಾದ ಮೇಲೂ ಏಳೆಂಟು ಗೆಳೆಯರ ಜೊತೆ ದಿನಾ ಬರುತ್ತಿದ್ದರು. ಅಂದು ಇನ್ನೊಂದು ಸೌಟು ಸಾಂಬಾರ್ ಕೇಳಿದರು. ಹಳೇ ಸಪ್ಲೈಯರ್ ಗಂಗಣ್ಣ ಬಕೆಟ್ಟನ್ನು ಟೇಬಲ್ ಮೇಲೆ ಕುಕ್ಕಿ, ‘ಬೇಗ ಏಳಿ ಸ್ವಾಮಿ, ಜನ ನಿಂತವ್ರೆ’ ಎಂದುಬಿಟ್ಟ. ಸಂಜೀವಪ್ಪ ಒಂದೂವರೆ ಇಡ್ಲಿ ಹಾಗೇ ಬಿಟ್ಟು, ಕೈ ತೊಳೆದು ಹೊರಟರು. ಹಿಂದೆಯೇ ಗೆಳೆಯರೂ ಎದ್ದರು.

‘ಆ ತಟ್ಟೆ ತೆಗ್ದಿದ್ದು ನಾನೇ. ಕೈ ಬರ್ಲಿಲ್ಲ ಕಣಪ್ಪ’ ಎನ್ನುತ್ತಾರೆ ಮುನಿತಾಯಮ್ಮ. ‘ಗಂಗಣ್ಣನ್ನ ಬಯ್ಯಣಾಂತ ಹಿಂದಕ್ಕೋದೆ. ನೋಡಿದ್ರೆ ಗೋಡೆಗೊರಗಿ ನಿಂತವ್ನೆ. ಬೆಳಗ್ಗಿಂದ ಹೊಟ್ಟೇಲಿ ಏನೂ ಇಲ್ಲ. ಅವ್ನು ಮಾಡಿದ್ದು ತಪ್ಪೇಯ. ಆದ್ರೆ ಆ ಹೊತ್ನಲ್ಲಿ ನಾನಾಗಿದ್ರೂ ಅಂಗೇ ಅಂತಿದ್ನೇನೋ.’

ಮುಂದಿನ ವರ್ಷಗಳಲ್ಲಿ ಹಾಲ್ ಖಾಲಿಯಾಗುತ್ತಾ ಹೋಯಿತು. ಯಜಮಾನರು ಮೊದಲು ವಾಹನಗಳನ್ನು ಊರಾಚೆ ದಾಟಿಸುವ ಮೇಲ್ಸೇತುವೆಯನ್ನು ದೂರಿದರು, ಆಮೇಲೆ ಕೊರೋನಾವನ್ನು. ಕೊರೋನಾ ಹೋದ ಮೇಲೂ ಎದುರಿನ ಹೋಟೆಲು ತುಂಬಿರುತ್ತಿತ್ತು, ಇವರದು ತುಂಬಲಿಲ್ಲ. ದಿನಕ್ಕೆ ಸಾವಿರದ ನಾನೂರು ಇಡ್ಲಿ ಬೇಯುತ್ತಿದ್ದ ಕಡೆ ಇನ್ನೂರು ಬೇಯಿಸಿದರೂ ಉಳಿದುಹೋಗುತ್ತಿದ್ದವು. ಕೊನೆಗೆ ಹೋಟೆಲ್ ಮುಚ್ಚಿ ಇಡೀ ಮಳಿಗೆಯನ್ನು ಟೈಲ್ಸ್ ಅಂಗಡಿಯವರಿಗೆ ಬಾಡಿಗೆಗೆ ಕೊಡುವ ಮಾತಾಯಿತು. ಅಳತೆ ಹಿಡಿಯಲು ಟೇಪು ತಂದವರಿಗೆ ಮುನಿತಾಯಮ್ಮನೇ ಕಾಫಿ ಕೊಟ್ಟರು. ಲೋಟ ಒಳಗಿಟ್ಟು, ನೇರ ಗಲ್ಲಾಪೆಟ್ಟಿಗೆ ಮುಂದೆ ನಿಂತರು.

‘ಅಣ್ಣಾ, ಒಂದ್ ತಿಂಗ್ಳು ಈ ಹಾಲ್ ನಂಗೆ ಬಿಟ್ಕೊಡು.’

‘ಟೇಬಲ್ ಒರೆಸೋಳು, ನೀನೇನ್ ಮಾಡ್ತೀಯ ತಾಯಮ್ಮ?’

‘ಒರೆಸೋಳಿಗೇ ಕಣಣ್ಣ ಗೊತ್ತಾಗೋದು, ಯಾರ್ಯಾರು ಎಷ್ಟೆಷ್ಟು ಬಿಟ್ಟು ಎದ್ದೋದ್ರು ಅಂತ.’

ಆದಿನಾರಾಯಣಪ್ಪ ಟೈಲ್ಸ್‌ನವರಿಗೆ ಒಂದು ತಿಂಗಳು ತಡೆಯಲು ಹೇಳಿದರು.

ಮುನಿತಾಯಮ್ಮ ಮೊದಲ ದಿನವೇ ಕೆಲಸದವರಿಗೆಲ್ಲ ಬಾಗಿಲು ತೆಗೆಯುವ ಮುಂಚೆ ಬಡಿಸಿದರು. ಟೋಕನ್ ಎತ್ತಿಸಿದರು. ಕೂತವರ ಮುಂದೆ ಕೇಳುವ ಮೊದಲೇ ನೀರಿರಬೇಕು, ಸಾಂಬಾರಿನ ಬಕೆಟ್ ಸುತ್ತುತ್ತಲೇ ಇರಬೇಕು ಎಂದರು. ಜನ ಸಾಲದ್ದರಿಂದ ಬಕೆಟ್ ತಾವೇ ಹಿಡಿದರು. ಅಂದು ಸಂಜೆ ಗಂಗಣ್ಣನನ್ನು ಕರೆದುಕೊಂಡು ಕೋಟೆ ಬೀದಿಯ ಸಂಜೀವಪ್ಪನವರ ಮನೆಗೆ ಹೋದರು.

ಗಂಗಣ್ಣ ತಲೆ ತಗ್ಗಿಸಿ, ‘ತಪ್ಪಾಯ್ತು ಯಜಮಾನ್ರೇ. ತಿನ್ನೋ ಹೊತ್ನಲ್ಲಿ ಎಬ್ಬಿಸ್ಬಾರ್ದಿತ್ತು’ ಎಂದ. ಸಂಜೀವಪ್ಪ ‘ನೋಡೋಣ’ ಎಂದರಷ್ಟೇ. ಮಜ್ಜಿಗೆ ಕೊಟ್ಟು ಕಳಿಸಿದವರು ಅವರ ಹೆಂಡತಿ ಅಮ್ಮಯಮ್ಮ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ‘ಒಂದೊಂದ್ ದಿನಾನೂ ಎಣಿಸ್ತಿದ್ದೆ. ತಿಂಗ್ಳು ಅನ್ನೋದು ಎಷ್ಟ್ ಬೇಗ ಓಡುತ್ತೆ ಅಂತ ಆವಾಗ್ಲೇ ಗೊತ್ತಾಗಿದ್ದು.’

ಒಂಬತ್ತನೇ ದಿನ ಸಂಜೀವಪ್ಪ ಒಬ್ಬರೇ ಬಂದು ಮೂಲೆಯಲ್ಲಿ ಕೂತರು. ಗಂಗಣ್ಣ ಕೇಳದೆಯೇ ಎರಡನೇ ಸೌಟು ಹಾಕಿದ. ನಾಲ್ಕು ಹನಿ ಟೇಬಲ್ ಮೇಲೂ ಬಿದ್ದವು. ‘ಸಾಕು ಗಂಗಣ್ಣ, ಇಡ್ಲಿ ಮುಳುಗೋಯ್ತು’ ಎಂದು ಸಂಜೀವಪ್ಪ ನಕ್ಕಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರೆಲ್ಲ ಉಸಿರು ಬಿಟ್ಟರು. ಮುಂದಿನ ವಾರ ಗೆಳೆಯರು ಬಂದರು. ಅವರಿಂದ ಸುದ್ದಿ ಕೋರ್ಟಿಗೆ, ಬಸ್ ನಿಲ್ದಾಣಕ್ಕೆ, ಟ್ಯಾಕ್ಸಿಯವರಿಗೆ ಹಬ್ಬಿತು. ತಿಂಗಳು ತುಂಬಿದ ದಿನ ಯಜಮಾನರು ಟೈಲ್ಸ್‌ನವರಿಗೆ ಫೋನ್ ಮಾಡಿ, ಮಳಿಗೆ ಕೊಡುವುದಿಲ್ಲ ಎಂದರು.

‘ಮೂವತ್ತು ವರ್ಷ ಹೋಟೆಲ್ ನಡೆಸಿದೀನಿ ಅಂತ ಜಂಬ ಇತ್ತು. ಗಲ್ಲಾದಲ್ಲಿ ಕೂತು ಜನರು ದುಡ್ಡು ಕೊಡೋ ಕೈ ನೋಡಿದ್ದೆ, ಮುಖ ನೋಡಿರ್ಲಿಲ್ಲ’ ಎನ್ನುತ್ತಾರೆ ಆದಿನಾರಾಯಣಪ್ಪ.

ಈಗ ಬಡಿಸುವವರೂ ಹೆಚ್ಚಿದ್ದಾರೆ, ಇಪ್ಪತ್ತೆರಡು ಟೇಬಲ್‌ಗಳಿಗೆ ಏಳು ಜನ. ಬೆಳಗಿನ ಇಡ್ಲಿ ಮತ್ತೆ ಸಾವಿರ ದಾಟಿದೆ. ಮುನಿತಾಯಮ್ಮನ ಮೊಣಕಾಲು ಸಂಜೆಗೆ ಊದಿಕೊಳ್ಳುತ್ತದೆ. ಜವರಪ್ಪ ಎಣ್ಣೆ ಕಾಯಿಸಿಟ್ಟಿರುತ್ತಾರೆ. ಆದರೆ ಮುನಿತಾಯಮ್ಮನಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ.

ಕಳೆದ ತಿಂಗಳು ಮಗಳು ಚಂದನ ತಾಯಿಯನ್ನು ಕಾರ್ಮಿಕರ ಕಾರ್ಡ್ ಮಾಡಿಸಲು ಸೈಬರ್ ಸೆಂಟರಿಗೆ ಕರೆದೊಯ್ದಳು. ಕಂಪ್ಯೂಟರ್ ಮುಂದಿದ್ದವನು ಕೆಲಸ ಏನೆಂದು ಕೇಳಿದ. ‘ಸೂಪರ್‌ವೈಸರ್ ಅಂತ ಹಾಕಿ’ ಎಂದಳು ಚಂದನ. ಮುನಿತಾಯಮ್ಮ ಮಗಳ ಕೈ ಹಿಡಿದು ತಡೆದು, ಅವನತ್ತ ತಿರುಗಿದರು.

‘ಬ್ಯಾಡ ಕಣಪ್ಪ. ಬಡಿಸೋರು ಅಂತ ಬರಿ. ಅಷ್ಟಾಗಕ್ಕೇ ಇಪ್ಪತ್ತೊರ್ಷ ಹಿಡೀತು.’