ಕಾರಿಡಾರಿನಲ್ಲಿ ಟೀ ಕುಡಿಯುತ್ತಿದ್ದ ಮಿಸ್

ನಾನು ಓದಿದ ಹೈಸ್ಕೂಲು ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆದರೂ ಆ ಕಡೆ ಸ್ಕೂಟರ್ ತಿರುಗಿಸಿದಾಗಲೆಲ್ಲ ಗೇಟಿನ ಹೊರಗಿನ ಹೊಂಗೆಮರ, ಅದರ ಕೆಳಗೆ ಸೀಬೆಹಣ್ಣಿಗೆ ಉಪ್ಪುಖಾರ ಸವರಿ ಕೊಡುತ್ತಿದ್ದ ಅಜ್ಜಿ, ಸಂಜೆ ಬೆಲ್ಲಿನ ಹಿಂದೆಯೇ ಏಳುತ್ತಿದ್ದ ಧೂಳು, ಎಲ್ಲ ಕಣ್ಣಮುಂದೆ ಬರುತ್ತದೆ. ಅಲ್ಲಿ ನಾನು ಅತ್ತದ್ದೂ ಇದೆ. ಹಾಗಿದ್ದೂ ಆ ಜಾಗವನ್ನು ಪ್ರೀತಿಯಿಂದ ನೆನೆಯುವುದಕ್ಕೆ ನಮ್ಮ ಗಣಿತದ ಮಿಸ್ ಕಾರಣ.

ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ನಡಿಗೆ, ಕೈ ಆಡಿಸಿ ಮಾತಾಡುವ ರೀತಿ ಹುಡುಗರ ಕಣ್ಣಿಗೆ ಬಿದ್ದಿತ್ತು. ನನಗೆ ‘ಆಂಟಿ’ ಎಂದು ಹೆಸರಿಟ್ಟರು. ಕ್ಲಾಸಿನಲ್ಲಿ ಹೇಗೋ ನಡೆದುಹೋಗುತ್ತಿತ್ತು. ಟಾಯ್ಲೆಟ್ಟಿನ ಬಾಗಿಲಲ್ಲಿ ಮಾತ್ರ ಅಡ್ಡ ನಿಂತು, ನಿಂದು ಆ ಕಡೆ ಎಂದು ಹುಡುಗಿಯರ ಟಾಯ್ಲೆಟ್ಟಿನತ್ತ ನೂಕುತ್ತಿದ್ದರು. ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಅದಕ್ಕಾಗಿ ನೀರು ಕುಡಿಯುವುದನ್ನೂ ಬಿಟ್ಟೆ.

ಕೊನೆಗೆ ಉರಿಮೂತ್ರವಾಗಿ ಜ್ವರ ಬಂತು. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಸ್ಕೂಲಿನಲ್ಲಿ ಟಾಯ್ಲೆಟ್ಟಿಗೆ ಹೋಗುವುದಿಲ್ಲವೇ ಎಂದು ಕೇಳಿದರು. ಬಾಗಿಲಲ್ಲಿ ಹುಡುಗರು ಅಡ್ಡ ನಿಲ್ಲುವುದನ್ನು ಮನೆಗೆ ಬಂದಮೇಲೆ ಅಮ್ಮನಿಗೆ ಹೇಳಿದೆ. ಅಮ್ಮ ನನ್ನನ್ನು ಕರೆದುಕೊಂಡು ಹೆಡ್‌ಮಾಸ್ಟರ ಹತ್ತಿರ ಹೋದಳು. ಗಣಿತದ ಮಿಸ್ ಕ್ಲಾಸ್ ಟೀಚರ್ ಆದ್ದರಿಂದ ಅವರನ್ನೂ ಕರೆಸಿದರು. ಹುಡುಗನನ್ನು ಕರಾಟೆಗೆ ಸೇರಿಸಿ, ಸ್ವಲ್ಪ ಗಂಡಸುತನ ಬರಲಿ ಎಂದು ಹೆಡ್‌ಮಾಸ್ಟರು ಅಮ್ಮನಿಗೆ ಸಲಹೆ ಕೊಟ್ಟರು.

ಮಿಸ್ ಮೆತ್ತಗೆ ಹೇಳಿದರು: “ಅವನ ನಡಿಗೆ ತಿದ್ದೋದು ನಮ್ಮ ಕೆಲಸ ಅಲ್ಲ ಸಾರ್. ಅವನು ಹೆದರದೆ ಟಾಯ್ಲೆಟ್‌ಗೆ ಹೋಗ್ಬರೋ ಹಾಗೆ ನೋಡ್ಕೊಳೋದು ನಮ್ಮ ಕೆಲಸ.”

ಮಾರನೆಯ ದಿನ ಇಂಟರ್ವಲ್‌ನಲ್ಲಿ ಅವರು ಟೀ ಲೋಟ ಹಿಡಿದು ಸ್ಟಾಫ್‌ರೂಮಿನಿಂದ ಹೊರಟು ಕಾರಿಡಾರಿನ ತುದಿಯಲ್ಲಿ, ಟಾಯ್ಲೆಟ್ಟಿನ ಎದುರು ನಿಂತರು. ಯಾರನ್ನೂ ಗದರಲಿಲ್ಲ. ಬಾಗಿಲ ಹತ್ತಿರ ಸುಳಿದಾಡುವವರನ್ನು ನಿಲ್ಲಿಸಿ ಹೋಂವರ್ಕ್ ವಿಚಾರಿಸಿದರು. ಹೋಂವರ್ಕಿಗೆ ಹೆದರಿ ಗುಂಪು ತಾನಾಗಿ ಕರಗಿತು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಬಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಆ ನೋಡದಿರುವುದರಲ್ಲಿ ಎಷ್ಟು ಮರ್ಯಾದೆ ಇತ್ತೆಂದು ನನಗೆ ಆಗಲೇ ಅನ್ನಿಸಿತ್ತು. ಹೀಗೆ ದಿನಾ ನಿಂತರು. ಮಂಡಿನೋವು ಜಾಸ್ತಿಯಾದಾಗ ಸಮಾಜದ ಮೇಷ್ಟ್ರು ಅವರ ಬದಲು ಬಂದು ನಿಲ್ಲುತ್ತಿದ್ದರು.

‘ಆಂಟಿ’ ಎನ್ನುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಕ್ಲಾಸಿನಲ್ಲಿ ಜೋರಾಗಿ ಕೂಗುವ ಧೈರ್ಯ ಯಾರಿಗೂ ಉಳಿಯಲಿಲ್ಲ. ನಾನು ಮತ್ತೆ ನಗುವುದಕ್ಕೆ ಶುರು ಮಾಡಿದೆ. ಸ್ಕೂಲ್ ಡೇಗೆ ಕೋಲಾಟದಲ್ಲೂ ಕುಣಿದೆ.

ಹತ್ತನೆಯ ಕ್ಲಾಸಿನ ರಿಸಲ್ಟ್ ಬಂದಾಗ ಸ್ವೀಟ್ ಹಿಡಿದು ಕೆಂಗೇರಿಯಲ್ಲಿದ್ದ ಅವರ ಮನೆಗೆ ಹೋದೆ. ಅಲ್ಲಿಯವರೆಗೂ ಯಾರಿಗೂ ಹೇಳದ ಮಾತು ಅವರ ಅಡುಗೆಮನೆಯಲ್ಲಿ ಬಾಯಿಗೆ ಬಂತು. ನನಗೆ ಹುಡುಗಿಯರ ಮೇಲೆ ಮನಸ್ಸಾಗುವುದಿಲ್ಲ, ಹುಡುಗರೇ ಇಷ್ಟವಾಗುತ್ತಾರೆ ಎಂದೆ. ಮಿಸ್ ಒಲೆ ಆರಿಸಿ ನನ್ನ ಕಡೆ ತಿರುಗಿದರು.

“ಇದರ ಬಗ್ಗೆ ನಂಗೆ ಜಾಸ್ತಿ ಗೊತ್ತಿಲ್ಲ ಕಣೋ. ಕೇಳಿ ತಿಳ್ಕೋತೀನಿ. ಅಲ್ಲೀವರೆಗೂ ನಿಂಗೇನೋ ಕಾಯಿಲೆ ಇದೆ ಅಂತ ಅಂದ್ಕೋಬೇಡ.”

ಕೆಲವು ದಿನದ ಮೇಲೆ ಫೋನ್ ಬಂತು. ಪರಿಚಯದ ಮನೋವೈದ್ಯರನ್ನು ಕೇಳಿದ್ದರಂತೆ. ಇದು ಕಾಯಿಲೆಯಲ್ಲ, ವಾಸಿ ಮಾಡುವಂಥದ್ದೇನೂ ಇಲ್ಲ. ಅಮ್ಮನಿಗೆ ಹೇಳುವ ಅವಸರವಿಲ್ಲ, ಹೇಳುವಾಗ ಬೇಕಾದರೆ ಜೊತೆಗೆ ಬರುತ್ತೇನೆ ಎಂದರು. ನನಗೆ ಕೆಲಸ ಸಿಕ್ಕಮೇಲೆ ಹಾಗೇ ಬಂದರು. ಅಷ್ಟರಲ್ಲಿ ನನಗೊಬ್ಬ ಜೊತೆಗಾರ ಸಿಕ್ಕಿದ್ದ, ಅದನ್ನೂ ಅಮ್ಮನಿಗೆ ಹೇಳಿದೆ. ಅಮ್ಮ ಅತ್ತಳು, ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ಭಾನುವಾರ ತಾನೇ, ನಿನ್ನ ಜೊತೆಯವನು ಮುದ್ದೆ ತಿನ್ನುತ್ತಾನಾ ಎಂದು ಕೇಳಿ ಊಟಕ್ಕೆ ಕರೆಸಿದಳು.

ಈಗ ನಾನೂ ಅವನೂ ವಿಜಯನಗರದಲ್ಲಿ ಬಾಡಿಗೆಗಿದ್ದೇವೆ. ಮಿಸ್ ರಿಟೈರ್ ಆಗಿದ್ದಾರೆ. ಹೊಸ ಟೀಚರುಗಳು ಯಾರಾದರೂ ನೋಡಲು ಬಂದರೆ, ಇಂಟರ್ವಲ್‌ನಲ್ಲಿ ಸ್ಟಾಫ್‌ರೂಮಿನಲ್ಲೇ ಕೂರಬೇಡಿ, ಮಕ್ಕಳು ಎಲ್ಲಿ ಹೆದರುತ್ತಾರೋ ಅಲ್ಲಿ ಹೋಗಿ ನಿಲ್ಲಿ ಎಂದು ಹೇಳುತ್ತಾರಂತೆ. ಮೊನ್ನೆ ನಾವಿಬ್ಬರೂ ಅವರ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಅಲ್ಲಿದ್ದರು. ಮಿಸ್ ನನ್ನನ್ನು ತೋರಿಸಿ, “ನನ್ನ ಸ್ಟೂಡೆಂಟು” ಎಂದರು. ಆಮೇಲೆ ನನ್ನ ಪಕ್ಕದಲ್ಲಿದ್ದವನತ್ತ ತಿರುಗಿ, ಸ್ವಲ್ಪವೂ ತಡವರಿಸದೆ, “ಇವರು ಅವನ ಮನೆಯವರು” ಎಂದರು.