ಕಾಕು ಕಳಿಸುತ್ತಿದ್ದ ಶರಣು

ರೊಟ್ಟಿ ಬಡಿದು ಬಡಿದು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ನಮ್ಮ ಬಾಜು ಮನೆಯ ಕಾಕುವಿನ ಬೆರಳ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಅವು ಮುಟ್ಟಿದ್ದು ಫೋನಿಗೆ ಗೊತ್ತೇ ಆಗುತ್ತಿರಲಿಲ್ಲ. ಒತ್ತಿ, ಒರೆಸಿ, ಬೈದು ಎಲ್ಲ ಆದಮೇಲೆ, ಕಿರುಬೆರಳೊಂದು ಮಾತ್ರ ನಡೆಯುತ್ತದೆಂದು ಅವರೇ ಕಂಡುಕೊಂಡಿದ್ದರು. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಮುಂದೆ ಚಾಚಿದ ಕಿರುಬೆರಳು. ಶಿವಬಸವ ನಗರದ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಹೀಗೆ.

ಲಿಂಗಪೂಜೆ ಮುಗಿದದ್ದೇ ಕಟ್ಟೆಗೆ ಬಂದು ಕೂತು, ಗುರುತಿನವರಿಗೆಲ್ಲ ದನಿಯಲ್ಲೇ ಮೆಸೇಜು ಕಳಿಸುತ್ತಿದ್ದರು. "ಶರಣ್ರೀ. ಎದ್ದೀರೇನು? ಚಾ ಆತೇನು?" ಗೋಡೆಯ ಈಚೆಗಿದ್ದ ನನಗೂ ಒಂದು. ಮೊದಲು ಅವರ ಬಾಯಿಯಿಂದ ಕೇಳುತ್ತಿತ್ತು, ಆಮೇಲೆ ನನ್ನ ಫೋನಿನಿಂದ. ನಾನು ನಕ್ಕರೆ, "ನಗು, ನಗು. ಶರಣು ಅಂದ್ರ ನಮ್ಮ ಗಂಟೇನ್ ಹೋಗತೈತಿ?" ಎನ್ನುತ್ತಿದ್ದರು.

ಎಲ್ಲರದೂ ಆದಮೇಲೆ ಕೊನೆಯ ಶರಣು ಖಾನಾಪುರದಾಚೆಯ ಗುಂಜಿಗೆ, ತಂಗಿಗೆ. ತಾಯಿ ತೀರಿಕೊಂಡ ದಿನ ರೈಲು ತಡವಾಗಿ, ತಂಗಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಊರಿಗೆಲ್ಲಾ ಗಾಡಿ ಸಿಕ್ತು, ನಿನಗೊಬ್ಬಾಕಿಗೆ ಸಿಗಲಿಲ್ಲೇನು?" ಎಂದು ಕಾಕು ದುಃಖದಲ್ಲಿ ಅಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತಂಗಿ ಮಾತು ಬಿಟ್ಟರು. ಕಾಕು ಫೋನ್ ಹಚ್ಚಿದರೆ ಎತ್ತುತ್ತಲೂ ಇರಲಿಲ್ಲ. ಮುಂಜಾನೆಯ ಶರಣಿನ ಬಾಜು ಮಾತ್ರ, ಕೇಳಿದ್ದಾರೆಂಬ ಗುರುತಿನ ನೀಲಿ ಬಣ್ಣ ತಪ್ಪದೆ ಮೂಡುತ್ತಿತ್ತು. "ಕೇಳ್ಯಾಳ ನೋಡು" ಎಂದು ನನಗೆ ತೋರಿಸಿಯೇ ಕಾಕು ಒಲೆಯ ಕಡೆ ಹೋಗುತ್ತಿದ್ದರು. ಅಕ್ಕತಂಗಿಯರ ನಡುವೆ ವರ್ಷಗಟ್ಟಲೆ ಉಳಿದದ್ದು ಅದೊಂದೇ.

ಒಂದು ಮುಂಜಾನೆ ಮೆಸೇಜು ಕಳಿಸುವ ಆ ಆ್ಯಪ್ ತೆರೆಯಲೇ ಇಲ್ಲ. ಏನೋ ಇಂಗ್ಲಿಷ್ ಬರಹ ಬಂತು. ಓದಿದೆ: ಇಷ್ಟು ಹಳೆಯ ಫೋನಿನಲ್ಲಿ ಅದು ಇನ್ನು ನಡೆಯುವುದಿಲ್ಲವಂತೆ. ಅಂಗಡಿಗೆ ಒಯ್ದೆವು.

"ಇದಕ್ಕ ಹೊಸಾ ಸಾಫ್ಟ್‌ವೇರ್ ಬರೂದು ಬಂದ್ ಆಗೇತ್ರಿ, ಅವ್ವಾರ. ಬ್ಯಾರೆ ಫೋನ್ ತಗೋರಿ," ಎಂದ ಅಂಗಡಿಯವ.

"ಒಂದ್ ಗೀರು ಬಿದ್ದಿಲ್ಲ, ಚಾರ್ಜ್ ನಿಲ್ಲತೈತಿ. ಗಟ್ಟಿಮುಟ್ಟ ಇರೂದನ್ನ ಸತ್ತೈತಿ ಅಂತಾನಲ್ಲ ಇಂವಾ!"

ನನಗೂ ಸಿಟ್ಟು ಬಂತು. ಆದರೆ ಹೊರಗೆ ಬಂದಾಗ ಕಾಕುವಿನ ಮುಖ ಬಾಡಿತ್ತು. "ಇವತ್ತ ಶರಣು ಹೋಗಿಲ್ಲ. ಕಡೀಕ ಅಕ್ಕನೂ ಬಿಟ್ಲು ಅಂತ ತಿಳಕೋತಾಳ ಅಕಿ."

ನನ್ನ ಫೋನಿನಿಂದ ಕಳಿಸೋಣ ಎಂದೆ.

"ಬ್ಯಾರೆ ನಂಬರಿನ್ಯಾಗಿಂದ ಬಂದ್ರ ನನಗೇನರೆ ಆತು ಅಂತ ಹೆದರತಾಳ. ನಡಿ, ಹೋಗೇ ಹೇಳೂಣು."

ಹೊಸ ಫೋನು ಆಮೇಲೆ ನೋಡಿದರಾಯಿತೆಂದು ನನ್ನನ್ನೂ ಎಳೆದುಕೊಂಡು ಸ್ಟೇಷನ್ನಿಗೆ ನಡೆದರು. ಓಣಿಗೆಲ್ಲ ಮಾತು ಹಂಚುವ ಕಾಕು ರೈಲಿನಲ್ಲಿ ಕಿಟಕಿಗೆ ಅಂಟಿ ಒಂದೊಂದೇ ಸ್ಟೇಷನ್ ಎಣಿಸಿದರು. ಖಾನಾಪುರ ದಾಟಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಗಲಾ ತಗೀಲಿಲ್ಲಂದ್ರ?" ಎಂದು ಕೇಳಿದರು.

ಗುಂಜಿಯ ಮನೆ ಮುಟ್ಟಿದಾಗ ತಂಗಿ ಹೊರಗೇ ನಿಂತು ಬಾಗಿಲಿಗೆ ಕೀಲಿ ಹಾಕುತ್ತಿದ್ದರು. ಬಗಲಲ್ಲಿ ಚೀಲ. ಅಕ್ಕನನ್ನು ಕಂಡದ್ದೇ ಕೀಲಿಕೈ ಕೆಳಗೆ ಬಿತ್ತು.

"ಮುಂಜಾನಿ ಶರಣು ಬರಲಿಲ್ಲ," ಎಂದರು ತಂಗಿ. "ಫೋನ್ ಹಚ್ಚಿದ್ರ ಬ್ಯಾರೆ ಯಾರರೆ ಎತ್ತಿದ್ರ ಅಂತ ಅಂಜಿಕಿ ಬಂತು. ಇದ್ದೀಯೋ ಸತ್ತೀಯೋ ನೋಡಾಕ ಹೊಂಟಿದ್ದೆ."

"ಇನ್ನೂ ಸತ್ತಿಲ್ಲ. ಬಾಗಲಾ ತಗಿ, ಚಾ ಇಡು," ಎಂದರು ಕಾಕು.

ಚಹಾ ಇಟ್ಟದ್ದು ನಾನು. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಅಳುತ್ತಿದ್ದರು.

ಆಮೇಲೆ ಕಾಕುವಿಗೆ ಹೊಸ ಫೋನು ಬಂತು. ತಂಗಿಗೆ ಮೆಸೇಜು ಬಿಟ್ಟು ನೇರ ಫೋನೇ ಹಚ್ಚತೊಡಗಿದರು; ಉಪ್ಪಿನಕಾಯಿಗೆ ಉಪ್ಪು ಎಷ್ಟೆಂದು ಓಣಿಗೆ ಕೇಳುವಂತೆ ಜಗಳವಾಡಿದರು. ಆ ಜಗಳ ಕೇಳುವುದೇ ನನಗೊಂದು ಸುಖವಾಗಿತ್ತು.

ಕಾಕು ಈ ಚಳಿಗಾಲದಲ್ಲಿ ಲಿಂಗೈಕ್ಯರಾದರು. ಕೊನೆಯ ದಿನಗಳಲ್ಲಿ ತಂಗಿ ತಲೆದೆಸೆ ಬಿಟ್ಟು ಏಳಲಿಲ್ಲ. ಮಣ್ಣು ಕೊಟ್ಟು ಬರುವಾಗ ನನ್ನ ಕೈ ಹಿಡಿದು ಅಂದರು: "ದಿನಾ ಮುಂಜಾನಿ ದನಿ ಬರತಿತ್ತಲ್ಲ, ಅಕ್ಕ ಎಲ್ಲಿ ಹೋಗತಾಳ ಅಂತ ಧೈರ್ಯ ಇತ್ತು. ಆ ಫೋನ್ ಬಂದ್ ಆಗದಿದ್ರ ನಾ ಇನ್ನೂ ಸುಮ್ಮನ ಕೇಳಕೋತ ಕುಂತಿರತಿದ್ದೆ."