ಸೀರೆಯಂಚಿಗೆ ಕನ್ನಡಿ ಹಿಡಿದ ಮಾಸ್ತರರು

ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ಎಪ್ಪತ್ತು ದಾಟಿದ ಗಂಡಸೊಬ್ಬರು ಎದುರು ಸೀಟಿನ ಹೆಂಗಸಿನ ಸೆರಗಿಗೆ ಕನ್ನಡಿ ಹಿಡಿದರೆ ಏನಾಗಬೇಕೋ ಅದೇ ಆಯಿತು. ಅವಳು ಕೂಗಿಕೊಂಡಳು, ಕಂಡಕ್ಟರ್ ಸೀಟಿ ಊದಿದ, ಶರಾವತಿ ಸೇತುವೆ ದಾಟಿದ ಮೇಲೆ ನಮ್ಮ ವೆಂಕಟ್ರಮಣ ಮಾಸ್ತರರನ್ನು ಹೊನ್ನಾವರದಲ್ಲಿ ಇಳಿಸಿಬಿಟ್ಟರು. ಇಳಿದವರು ನಾಚಿಕೆಯಿಂದ ತಲೆ ತಗ್ಗಿಸಿ ಮುಂದಿನ ಬಸ್ಸು ಹತ್ತಿದರೇ? ಇಲ್ಲ. ನೆಟ್ಟಗೆ ನನ್ನ ಹೊಲಿಗೆ ಅಂಗಡಿಗೆ ಬಂದು, ಗುರುತು ಹಾಕಿ ಹರಡಿಟ್ಟ ರವಿಕೆ ಬಟ್ಟೆಯ ಮೇಲೆ ಒದ್ದೆ ಕೊಡೆ ಇಟ್ಟು, "ತಂಗೀ, ಆ ಸೆರಗಲ್ಲಿ ಎಂತದೂ ಇರ್ಲಿಲ್ಲ. ಬರೇ ಮಾವಿನಕಾಯಿ ಡಿಸೈನು," ಎಂದರು. ಅವರಿಗೆ ಬೇಜಾರಾದದ್ದು ಅದಕ್ಕೆ!

ಎತ್ತರದ ಆಳು, ಬಿಳಿ ಅಂಗಿ. ಅಂಗಿಯ ಕಿಸೆ ಯಾವಾಗಲೂ ಜೋತಿರುತ್ತಿತ್ತು. ಅದರೊಳಗೆ ಗಡ್ಡ ಹೆರೆಯುವ ಸಣ್ಣ ಕನ್ನಡಿ, ಒಂದು ಭೂತಗನ್ನಡಿ, ಮೂರು ಪೆನ್ನು, ಮಡಚಿ ಮಡಚಿ ಸವೆದ ಪೇಪರಿನ ತುಂಡು. ಕೂತರೆ ಏಳುವವರಲ್ಲ. "ಅರ್ಧ ಚಾ ಸಾಕೇ ತಂಗೀ," ಅನ್ನುವರು, ಅರ್ಧ ಕೊಟ್ಟರೆ "ಇದೆಂತ, ಔಷಧಿ ಕೊಟ್ಟ ಹಾಗೆ?" ಅನ್ನುವರು. ಹೆಂಗಸರು ಅಳತೆ ಕೊಡಲು ಬಂದರೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಗೋಡೆಗೇ ಮಾತು ಮುಂದುವರಿಸುವರು. ಎದ್ದು ಹೊರಗೆ ನಿಲ್ಲೋಣ ಅನ್ನುವ ಯೋಚನೆ ಅವರಿಗೆ ಒಂದು ದಿನವೂ ಬರಲಿಲ್ಲ. ನನ್ನ ಅಂಗಡಿಗೆಂದು ಬಸ್ಸು ಹತ್ತಿದವರು ಪಕ್ಕದ ಸೀಟಿನವನಿಗೆ ಇತಿಹಾಸ ಹೇಳುತ್ತ ಹೊನ್ನಾವರ ದಾಟಿ ಸೇತುವೆಯಾಚೆಗೆ ಹೋಗಿ, ರಿಕ್ಷಾ ಮಾಡಿಕೊಂಡು ತಿರುಗಿ ಬಂದದ್ದು ಎಷ್ಟು ಸಲವೋ.

ನಾನು ಮುಟ್ಟಳ್ಳಿಯಿಂದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ ಅವರು ನಮಗೆ ಇತಿಹಾಸ ಕಲಿಸುತ್ತಿದ್ದರು. ರಾಜರ ಹೆಸರು ತಪ್ಪಿದರೆ ಸುಮ್ಮನಿರುವರು; "ಇದ್ದಿರಬಹುದು" ಎನ್ನುವ ಕಡೆ "ಇತ್ತು" ಎಂದು ಬರೆದರೆ ಮಾತ್ರ ಬೆಂಚಿನ ಮೇಲೆ ನಿಲ್ಲಿಸುವರು. ಹತ್ತನೆಯ ತರಗತಿಯಲ್ಲಿ ನಾನು ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ಮನೆಯಲ್ಲಿ ಎಲ್ಲರೂ ಬೈದರು, ಅವರು ಬೈಯಲಿಲ್ಲ. "ಇವಳ ಕೈ ಚೊಲೋ ಇದೆ, ತಲೆ ತಕೊಂಡು ಎಂತ ಮಾಡ್ತ್ರಿ?" ಎಂದು ನನ್ನ ಅಪ್ಪನಿಗೆ ಹೇಳಿ, ತಾವೇ ನನ್ನನ್ನು ಭಟ್ಕಳಕ್ಕೆ ಕರೆದುಕೊಂಡು ಹೋಗಿ ಜುಲೇಖಾಬಿಯವರ ಮನೆಯಲ್ಲಿ ಹೊಲಿಗೆ ಕಲಿಯಲು ಬಿಟ್ಟರು. ಇವತ್ತು ನಾನು ನನ್ನ ಕಾಲ ಮೇಲೆ ನಿಂತಿದ್ದರೆ ಅದು ಅವರಿಂದ. ಅದಕ್ಕೇ ಕೊಡೆಯನ್ನೂ ಸಹಿಸಿದೆ, ಗೋಡೆಯ ಮಾತನ್ನೂ ಸಹಿಸಿದೆ.

ಕನ್ನಡಿಯ ಹುಚ್ಚು ಹತ್ತಿದ್ದು ಅವರು ನಿವೃತ್ತರಾಗಿ ಕುಮಟೆಯಲ್ಲಿ ನೆಲೆಸಿ ಎಷ್ಟೋ ವರ್ಷದ ಮೇಲೆ. ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು. ಉತ್ತರ ಯುರೋಪಿನಲ್ಲಿ ವೈಕಿಂಗರು ಎಂಬ ಹಡಗಿನ ಜನ ಇದ್ದರಂತೆ. ಅವರ ಸಾವಿರ ವರ್ಷದ ಹಳೆಯ ಗೋರಿಗಳಲ್ಲಿ ರೇಷ್ಮೆಯ, ಬೆಳ್ಳಿ ಎಳೆಯ ಪಟ್ಟಿಗಳು ಸಿಕ್ಕಿವೆಯಂತೆ. ಆ ಪಟ್ಟಿಯ ಚೌಕ ಚೌಕದ ನೇಯ್ಗೆಯನ್ನು ಒಬ್ಬ ವಿದ್ವಾಂಸೆ ಕನ್ನಡಿಯಲ್ಲಿ ನೋಡಿದಾಗ ಅರಬ್ಬಿ ಅಕ್ಷರದಲ್ಲಿ ಅಲ್ಲಾಹನ ಹೆಸರು, ಪ್ರವಾದಿಯ ಅಳಿಯ ಅಲಿಯ ಹೆಸರು ಕಂಡವಂತೆ. ಮಾಸ್ತರರು ಆ ತುಂಡನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡರು. "ಅಲ್ಲಿಗೆ ಹೋಪ ಅರಬ್ಬಿ ರೇಷ್ಮೆ, ಕುದುರೆ ಹಡಗು ಬರ್ತಿದ್ದ ನಮ್ಮ ಹೊನ್ನಾವರಕ್ಕೆ ಬರ್ಲಿಲ್ಯೇ? ಭಟ್ಕಳಕ್ಕೆ ಬರ್ಲಿಲ್ಯೇ? ಇಲ್ಲೂ ಒಂದು ತುಂಡು ಇದ್ದೇ ಇರ್ತು. ನೋಡುವವ ಬೇಕು ಅಷ್ಟೆ," ಎಂದರು. ಅರಬ್ಬಿ ಬಾರದವರು ಮಕ್ಕಳ ಬಾಲಬೋಧೆ ತಂದು ಅಕ್ಷರ ತಿದ್ದತೊಡಗಿದರು. ನನ್ನ ಅಂಗಡಿಯ ಬಿಲ್ ಪುಸ್ತಕದ ಹಿಂದೆಲ್ಲ ಅವರ ಕಾಪಿ.

ಸ್ವಲ್ಪ ದಿನಕ್ಕೆ ಇನ್ನೊಬ್ಬ ವಿದ್ವಾಂಸೆ ಅದೆಲ್ಲ ಅಲ್ಲ ಎಂದಳು. ಅಂಥ ಚೌಕದ ಅಕ್ಷರ ಬಟ್ಟೆಗೆ ಬಂದದ್ದೇ ಶತಮಾನಗಳ ಆಮೇಲೆ; ಮೇಲಾಗಿ ಈ ಪಟ್ಟಿ ಅಂಚಿನಾಚೆ ಇನ್ನೂ ಅಗಲವಿತ್ತು ಎಂದು ನಾವೇ ಊಹಿಸಿಕೊಂಡರೆ ಮಾತ್ರ ಆ ಹೆಸರು ಪೂರ್ತಿಯಾಗುತ್ತದೆ ಎಂದಳು. ನನಗೆ ಆ ಮಾತು ಸರಿ ಕಂಡಿತು. ಬಟ್ಟೆ ಹೊಲಿಯುವವಳಿಗೆ ಅಂಚು ಅಂದರೆ ಅಂಚು, ಅದರಾಚೆ ಬಟ್ಟೆ ಇಲ್ಲ. ಹಾಗೆಂದದ್ದಕ್ಕೆ ಮಾಸ್ತರರು ನನ್ನೊಡನೆ ಎರಡು ವಾರ ಮಾತು ಬಿಟ್ಟರು. ಆ ಎರಡು ವಾರ ನನ್ನ ಕೆಲಸ ಎಷ್ಟು ಮುಂದೆ ಹೋಯಿತು ಅಂತೀರಿ! ಮೂರನೆಯ ವಾರ ನಾನೇ ಫೋನ್ ಮಾಡಿ ಕರೆದೆ. ನನ್ನ ಬುದ್ಧಿಗೆ ಏನು ಹೇಳಬೇಕು?

ಬಂದವರು ಕುರ್ಚಿಯಲ್ಲಿ ಕೂರಲೂ ಇಲ್ಲ. "ಸಿಕ್ತು ತಂಗೀ, ಸಿಕ್ತು!" ಎಂದು ಒಂದು ಫೋಟೋ ಮುಂದೆ ಹಿಡಿದರು. ಜುಲೇಖಾಬಿ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ಅವರ ಸೊಸೆ ನಫೀಸಾ ಅತ್ತೆಯ ಪೆಟ್ಟಿಗೆಯಿಂದ ತೆಗೆದು ತೋರಿಸಿದ ಹಳೆಯ ರೇಷ್ಮೆ ಪಟ್ಟಿ ಅದು. ಯಾವುದೋ ಕಾಲದ ಮದುವೆಯ ಉಡುಪಿನದು, ಬೆಳ್ಳಿ ಎಳೆಯದು. "ಈ ಮೂಲೆ ನೋಡು. ಈಗ ಕನ್ನಡಿಯಲ್ಲಿ ನೋಡು. ಅಲಿ! ಸ್ಪಷ್ಟ ಅಲಿ! ಮೂವತ್ತೈದು ವರ್ಷ ಬೇರೆಯವರು ಹುಡುಕಿದ್ದನ್ನ ಪಾಠ ಮಾಡಿದೆ. ನಾನು ಹುಡುಕಿದ್ದು ಅಂತ ಒಂದು ಬೇಡ್ವನೇ?"

ನಾನು ಕನ್ನಡಿ ನೋಡಲಿಲ್ಲ, ಫೋಟೋ ನೋಡಿದೆ. ಆ ಮೂಲೆ ನಾನು ಹೊಲಿದದ್ದು.

ಕಲಿಯುವ ಮೊದಲ ವರ್ಷ ಆ ಪಟ್ಟಿಯನ್ನು ಇಲಿ ಕಡಿದಿತ್ತು. ಎರಡು ಬೆರಳಿನಷ್ಟು ತೂತು. ಜುಲೇಖಾಬಿ ಅದನ್ನು ನನಗೆ ರಫೂ ಮಾಡಲು ಕೊಟ್ಟರು. ಹರಿದ ಜಾಗದಲ್ಲಿ ಎಳೆಗೆ ಎಳೆ ಸೇರಿಸಿ, ಹರಿದದ್ದೇ ಗೊತ್ತಾಗದ ಹಾಗೆ ತುಂಬುವ ಕೆಲಸ. ಆ ನೇಯ್ಗೆಯಲ್ಲಿ ಸಾಲಾಗಿ ಕೊಕ್ಕೆಗಳಿದ್ದವು, ಒಂದು ಎಡಕ್ಕೆ, ಒಂದು ಬಲಕ್ಕೆ. ನಾನು ಲೆಕ್ಕ ತಪ್ಪಿ ಎರಡು ಕೊಕ್ಕೆಗಳನ್ನು ಒಂದಕ್ಕೊಂದು ಕೂಡಿಸಿ ಬಾಲ ಉದ್ದ ಮಾಡಿದ್ದೆ. ಜುಲೇಖಾಬಿ ನನ್ನ ಬೆರಳ ಗಂಟಿನ ಮೇಲೆ ಕತ್ತರಿಯ ಹಿಡಿಕೆಯಿಂದ ಕುಟ್ಟಿ, "ಬಿಚ್ಚಿದ್ರೆ ಇನ್ನೂ ಹರೀತದೆ, ಇರ್ಲಿ. ಹಿಂದೆ ಹಸ್ರು ನೂಲು ಮರೀಬೇಡ," ಎಂದಿದ್ದರು. ಅದು ಅವರ ಮನೆಯ ಕಟ್ಟಳೆ. ರಫೂ ಎಷ್ಟೇ ಚೆಂದ ಕೂತಿರಲಿ, ಬಟ್ಟೆಯ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ನೂಲು ಬಿಡಬೇಕು. ಎಲ್ಲಿಂದ ಎಲ್ಲಿವರೆಗೆ ಹಳಬರ ಕೆಲಸ, ಎಲ್ಲಿ ನಮ್ಮ ಕೈ ಎಂದು ಮುಂದೆ ರಿಪೇರಿ ಮಾಡುವವಳಿಗೆ ತಿಳಿಯಬೇಕು.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಆ ಮುಖ ನೋಡಿ ಬಾಯಿ ಬರಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ಒಂದು ತಿಂಗಳು ಕಳೆದೆ. ಅಷ್ಟರಲ್ಲಿ ಕುಮಟೆಯ ಇತಿಹಾಸಪ್ರಿಯರ ಕೂಟವೊಂದು ಅವರ ಉಪನ್ಯಾಸ ಇಟ್ಟು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿತು: 'ಭಟ್ಕಳದ ಬಟ್ಟೆಯಲ್ಲಿ ಅರಬ್ಬಿ ಅಕ್ಷರ'. ಮೊದಲ ಪತ್ರಿಕೆ ನನಗೇ ತಂದುಕೊಟ್ಟರು, ಮೇಲೆ ಅರಿಶಿನದ ಬೊಟ್ಟು ಇಟ್ಟು, ಮದುವೆಗೆ ಕರೆದ ಹಾಗೆ. ಆಗ ತಡೆಯಲಾಗಲಿಲ್ಲ.

"ಮಾಸ್ತರ್ರೇ, ಅದು ನಾನು ಹೊಲಿದದ್ದು," ಎಂದೆ.

"ಯಾವುದು?"

"ಆ ಅಲಿ."

ಅವರಿಗೆ ಬಂದ ಸಿಟ್ಟು! "ನಿನಗೆ ಹೊಟ್ಟೆಕಿಚ್ಚು. ಡುಮ್ಕಿ ಹೊಡ್ದವಳು ನೀನು, ನನಗೆ ಕಲಿಸುಕೆ ಬಂದ್ಯನೇ?" ಎಂದರು. ನನಗೂ ಬಂತು. "ಡುಮ್ಕಿ ಹೊಡ್ದದ್ದು ಗಣಿತದಲ್ಲಿ, ಹೊಲಿಗೆಯಲ್ಲಿ ಅಲ್ಲ! ಬನ್ನಿ ಭಟ್ಕಳಕ್ಕೆ, ಈಗಲೇ ಬನ್ನಿ," ಎಂದು ಅಂಗಡಿಯ ಶಟರ್ ಎಳೆದೆ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಅವರು ದಾರಿಯುದ್ದಕ್ಕೂ ಒಂದು ಮಾತಾಡದೆ ಹೋದದ್ದು ಅದೊಂದೇ ಸಲ.

ನಫೀಸಾ ಪಟ್ಟಿಯನ್ನು ತಂದು ಬಿಳಿ ವಸ್ತ್ರದ ಮೇಲೆ ಹಾಸಿದಳು. ನಾನು ಮಗುಚಿ ತೋರಿಸಿದೆ. ಅಕ್ಕಿಕಾಳಿನಷ್ಟು ಹಸಿರು ನೂಲು, ಮಾಸಿದ್ದರೂ ಅಲ್ಲೇ ಇತ್ತು. ಮಾಸ್ತರರು ಭೂತಗನ್ನಡಿ ಹಿಡಿದು ನೋಡಿದರು. ಮುಂಬದಿ ನೋಡಿದರು, ಮತ್ತೆ ಹಿಂಬದಿ. ನಫೀಸಾ ಪಾಪ, "ಮಾಸ್ತರ್ರೇ, ಶರಬತ್ತು ಕುಡೀರಿ, ಆಮೇಲೆ ನೋಡುವಾ," ಎಂದಳು. ಅವರು ಭೂತಗನ್ನಡಿ ಕೆಳಗಿಟ್ಟು, "ಹೌದು. ನಿಂದೇ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಉಪನ್ಯಾಸಕ್ಕೆ ಬರುವುದಿಲ್ಲ ಎಂದು ಹೇಳಿಕಳಿಸಿ ಎಂದೆ. ಜ್ವರ ಎನ್ನಿ ಎಂದೆ. ಕೇಳಬೇಕಲ್ಲ! ಇಸ್ತ್ರಿ ಅಂಗಿ ಹಾಕಿ ಹೋದರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತವರೇ, "ಆಮಂತ್ರಣದಲ್ಲಿ ಬರೆದದ್ದು ಸುಳ್ಳು. ಈ ಬಟ್ಟೆಯಲ್ಲಿ ಯಾವ ಅಕ್ಷರವೂ ಇಲ್ಲ. ನಾನು ಕಂಡದ್ದು ನನ್ನ ಶಿಷ್ಯೆ ಹಾಕಿದ ರಫೂ. ಕಾಣಬೇಕು ಅಂತ ಆಸೆ ಇತ್ತು, ಅದಕ್ಕೆ ಕಂಡಿತು," ಎಂದರು. ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ಹಿಂದಿನ ಸಾಲಿನವರು ಎದ್ದು ಹೋದರು. ಇವರು ಬಿಡಲಿಲ್ಲ, ಮುಕ್ಕಾಲು ತಾಸು ತಮ್ಮ ತಪ್ಪು ಹೇಗಾಯಿತು ಎಂದು ಎಳೆ ಎಳೆಯಾಗಿ ಬಿಡಿಸಿ ಹೇಳಿದರು. ಕೊನೆಗೆ, "ಎಷ್ಟು ಚೊಲೋ ಕೂಡಿಸಿದಾಳೆ ನೋಡಿ, ಹದಿನೇಳು ವರ್ಷದವಳು!" ಎಂದು ನನ್ನ ಕಡೆ ಕೈ ತೋರಿಸಿದರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

ಮರುದಿನ ಪೇಪರು ನೋಡುತ್ತೇನೆ: 'ಭಟ್ಕಳದ ಬಟ್ಟೆಯಲ್ಲಿ ಅರಬ್ಬಿ ಅಕ್ಷರ: ನಿವೃತ್ತ ಶಿಕ್ಷಕರ ಶೋಧ'. ವರದಿಗಾರ ಸ್ವಾಗತ ಭಾಷಣ ಮುಗಿಯುತ್ತಲೇ ಎದ್ದು ಹೋಗಿದ್ದನಂತೆ. ಆಮಂತ್ರಣ ಪತ್ರಿಕೆ ನೋಡಿಯೇ ಬರೆದುಬಿಟ್ಟ. ಅದು ಮೊಬೈಲಿನಲ್ಲಿ ಎಲ್ಲೆಲ್ಲೋ ಹೋಯಿತು. ದುಬೈಯಿಂದ ಅಭಿನಂದನೆ ಬಂತು, ಬೈಗುಳವೂ ಬಂತು. ಮಾಸ್ತರರು ಸಂಪಾದಕರಿಗೆ ತಿದ್ದುಪಡಿ ಬರೆದರು. ಹಾಕಲಿಲ್ಲ. ಮತ್ತೆ ಬರೆದರು. "ಹಳೇ ಸುದ್ದಿ ಆತು ಮಾಸ್ತರ್ರೇ," ಎಂದರಂತೆ. ಆ ಮೇಲಿನ ಎರಡು ವರ್ಷ ಅವರ ಕೆಲಸ ಅದೊಂದೇ. ಯಾರಾದರೂ ಹೊಗಳಿದರೆ ನಿಲ್ಲಿಸಿ, ಕೂರಿಸಿ, ಮೊದಲಿಂದ ಹೇಳುವರು. ನನ್ನ ಗಿರಾಕಿಗಳಿಗೂ ಹೇಳುವರು, ಗೋಡೆಯ ಕಡೆ ತಿರುಗಿಕೊಂಡೇ. "ಬಿಡಿ ಮಾರಾಯ್ರೇ, ಒಳ್ಳೇ ಹೆಸರು ಬಂದದೆ, ಇರ್ಲಿ," ಎಂದು ನಾನು ಅದೆಷ್ಟು ಸಲ ಕೂಗಿದೆ! "ನನ್ನ ಹೆಸರಿಗೆ ಒಂದೇ ಒಂದು ಸಾಲು ಉಳೀತದೆ ತಂಗೀ. ಅದು ಸುಳ್ಳಾಗ್ಬಾರ್ದು," ಎನ್ನುವರು.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮೂಗಿಗೆ ನಳಿಗೆ ಹಾಕಿದ್ದರು. ನರ್ಸ್ ಬಂದು, "ಅಜ್ಜಾ, ನೀವಲ್ಲವಾ ಅರಬ್ಬಿ ಅಕ್ಷರ ಹುಡುಕಿದ್ದು?" ಎಂದಳು. ಉಸಿರಾಡಲು ಆಗದವರು ಏಳಲು ನೋಡಿದರು. ನಾನು ಭುಜ ಹಿಡಿದು ಮಲಗಿಸಿ, "ನಾನು ಹೇಳ್ತೆ, ನೀವು ಸುಮ್ಮನಿರಿ," ಎಂದೆ. "ಪೂರ್ತಿ ಹೇಳು," ಎಂದರು. ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ನಡುವೆ ಎರಡು ಕಡೆ ತಿದ್ದಿದರು. ಮೂರು ದಿನದ ಮೇಲೆ ಹೋದರು.

ಶ್ರದ್ಧಾಂಜಲಿ ಸಭೆಯಲ್ಲಿ ಅವರ ಫೋಟೋದ ಕೆಳಗೆ ಬರೆದಿತ್ತು: 'ಅರಬ್ಬಿ ಅಕ್ಷರ ಶೋಧಕ'. ಒಬ್ಬರಾದ ಮೇಲೊಬ್ಬರು ಅದನ್ನೇ ಹೊಗಳಿದರು. ನಾನು ಎದ್ದೆ. ಅಧ್ಯಕ್ಷರು, "ಅಮ್ಮಾ, ಇವತ್ತು ಒಳ್ಳೇದು ಮಾತ್ರ ಮಾತಾಡುವಾ," ಎಂದರು. "ಒಳ್ಳೇದೇ ಹೇಳುಕೆ ನಿಂತದ್ದು ನಾನು," ಎಂದೆ. ಎರಡು ಮಾತಿಗೆ ಮೈಕು ಬಂದ್ ಮಾಡಿದರು. ಮಾಡಲಿ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ನನ್ನದು, ಪೂರ್ತಿ ಹೇಳಿಯೇ ಕೂತೆ. ಮರುದಿನ ಪೇಪರಿನಲ್ಲಿ, 'ಶೋಧಕ ಮಾಸ್ತರರಿಗೆ ನುಡಿನಮನ. ಶಿಷ್ಯೆಯೂ ಮಾತನಾಡಿದರು' ಎಂದು ಬಂತು.

ಸಂಪಾದಕರಿಗೆ ಮೂರು ಕಾಗದ ಬರೆದೆ, ಅವರು ಒಂದನ್ನೂ ಹಾಕಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ಅಕ್ಷರ ಹೊಲಿದವಳು ನಾನು, ಕೊಕ್ಕೆಯ ಲೆಕ್ಕ ತಪ್ಪಿ. ವೆಂಕಟ್ರಮಣ ಮಾಸ್ತರರು ಅದನ್ನು ತುಂಬಿದ ಸಭೆಯಲ್ಲಿ ನಿಂತು ಹೇಳಿದ್ದರು. ನಾನು ಕೇಳಿದ್ದೇನೆ. ಇದರಲ್ಲಿ ಏನಾದರೂ ತಪ್ಪು ಬರೆದಿದ್ದರೆ ತಿದ್ದಲು ಈಗ ಅವರಿಲ್ಲ.